ಹೆಸರು ಉಳಿಸಿದ ಬೆಲೆಪಟ್ಟಿ

ಕಳೆದ ವರ್ಷ ಶಿಷ್ಯರೊಬ್ಬರ ಆಹ್ವಾನದ ಮೇರೆಗೆ ನಾವು ಅಮೆರಿಕೆಯ ಜಾರ್ಜಿಯಾ ರಾಜ್ಯಕ್ಕೆ ತೆರಳಿದ್ದೆವು. ಅಟ್ಲಾಂಟಾ ನಗರದ ಅವರ ಮನೆಯಲ್ಲಿ ನಮ್ಮ ವಾಸ್ತವ್ಯ. ಮಠದಲ್ಲಿ ತಾಡವಾಲೆಗಳ ಧೂಳೊರೆಸುತ್ತ ಬೆಳೆದ ನಮಗೆ ಹಳೆಯ ಕಾಗದಪತ್ರಗಳೆಂದರೆ ವಿಶೇಷ ಒಲವು. ಇದನ್ನರಿತ ಶಿಷ್ಯರು ಒಂದು ಬೆಳಿಗ್ಗೆ ನಮ್ಮನ್ನು ದಕ್ಷಿಣಕ್ಕೆ ಸುಮಾರು 15 ಮೈಲಿ ದೂರದ ಮಾರೋ ಎಂಬ ಊರಿಗೆ ಕರೆದೊಯ್ದರು. ಅಲ್ಲಿ ರಾಷ್ಟ್ರೀಯ ಪತ್ರಾಗಾರದ ಶಾಖೆಯೂ ಜಾರ್ಜಿಯಾ ರಾಜ್ಯದ ಪತ್ರಾಗಾರವೂ ಅಕ್ಕಪಕ್ಕದಲ್ಲಿವೆ.

ನಮ್ಮ ಸೀಮೆಯಲ್ಲಿ ಹೆಳವರು ಮನೆಬಾಗಿಲಿಗೆ ಬಂದು ವಂಶಾವಳಿಯನ್ನು ಹೇಳುವ ರೂಢಿಯುಂಟಷ್ಟೆ. ಅಮೆರಿಕೆಯಲ್ಲಿ ಆ ಕಾರ್ಯವನ್ನು ಕಡತಗಳು ನೆರವೇರಿಸುತ್ತವೆ. ಪೂರ್ವಜರನ್ನು ಅರಸುವವರು ಬದುಕಿರುವವರಿಂದ ಆರಂಭಿಸಿ ಹಿಂದಕ್ಕೆ ನಡೆಯುತ್ತಾರೆ. ಮರಣಪತ್ರ, ವಿವಾಹದ ದಾಖಲೆ, ಮನೆಯ ಬೈಬಲಿನ ಹಾಳೆಯಲ್ಲಿ ಬರೆದಿಟ್ಟ ಜನನ ಮರಣಗಳು, ಗೋರಿಕಲ್ಲು, ಇವೆಲ್ಲ ಸೋಪಾನಗಳು. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯೇ ಮುಖ್ಯ ಆಧಾರ. 1850ರಿಂದ ಸ್ವತಂತ್ರ ಪ್ರಜೆಗಳ ಮನೆಯ ಪ್ರತಿಯೊಬ್ಬ ಸದಸ್ಯನ ಹೆಸರನ್ನೂ ಅದರಲ್ಲಿ ಬರೆಯತೊಡಗಿದರು. 1890ರ ಗಣತಿಯ ಬಹುಭಾಗವು 1921ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಸಂಭವಿಸಿದ ಬೆಂಕಿಯಿಂದಾಗಿ ಹಾಳಾಯಿತು. ಆ ಒಂದು ಮೆಟ್ಟಿಲು ಎಲ್ಲರಿಗೂ ಇಲ್ಲವಾಗಿದೆ.

ಆದರೆ ಕರಿಯ ಜನರ ಸಂತತಿಯವರಿಗೆ ಇದಕ್ಕಿಂತ ದೊಡ್ಡ ಗೋಡೆಯೊಂದು ಅಡ್ಡಬರುತ್ತದೆ. ಅದು 1870ರ ಗೋಡೆ. 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ, ಬಿಡುಗಡೆ ಹೊಂದಿದವರೆಲ್ಲರ ಹೆಸರುಗಳು ಮೊದಲ ಬಾರಿಗೆ ಬರೆಯಲ್ಪಟ್ಟದ್ದು ಆ ವರ್ಷದ ಗಣತಿಯಲ್ಲಿ. 1850 ಮತ್ತು 1860ರಲ್ಲಿ ಗುಲಾಮರಿಗಾಗಿ ಪ್ರತ್ಯೇಕ ಪಟ್ಟಿ ಇತ್ತು. ಅದರಲ್ಲಿ ಒಡೆಯನ ಹೆಸರಿದೆ. ಅದರ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಮಾತ್ರ.

ಓದುಕೋಣೆಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ಕರಿಯ ವೃದ್ಧೆಯೊಬ್ಬರು ಅಂಥದೊಂದು ಪುಟವನ್ನು ನೋಡುತ್ತಿದ್ದರು. ನಮ್ಮ ಕುತೂಹಲವನ್ನು ಕಂಡು ಪರದೆಯನ್ನು ನಮ್ಮತ್ತ ತಿರುಗಿಸಿದರು. ಹೆಣ್ಣು, 12 ವರ್ಷ. ಹೆಣ್ಣು, 9 ವರ್ಷ. "ಇವರಿಬ್ಬರಲ್ಲಿ ನಮ್ಮ ಮುತ್ತಜ್ಜಿಯ ತಾಯಿ ಯಾರೋ?" ಎಂದರು. ಮೂರು ವರ್ಷಗಳಿಂದ ಈ ಒಂದು ಪ್ರಶ್ನೆಗಾಗಿ ಇಲ್ಲಿಗೆ ಬರುತ್ತಿರುವರಂತೆ. ನಮಗೆ ಮಾತು ಹೊರಡಲಿಲ್ಲ.

ಈ ಗೋಡೆಯನ್ನು ದಾಟಬೇಕಾದರೆ ಒಡೆಯನ ಮನೆಯ ಕಾಗದಗಳನ್ನೇ ಶೋಧಿಸಬೇಕು. ಹಾಗೆ ಶೋಧಿಸಿ ಕಂಡುಕೊಂಡ ಒಂದು ವೃತ್ತಾಂತ ಲೋಕಪ್ರಸಿದ್ಧವಾಗಿದೆ. ದಕ್ಷಿಣ ಕ್ಯಾರೊಲಿನಾದ ಡೇವಿಡ್ ಪ್ಯಾಟರ್‌ಸನ್ ಎಂಬ ವೃದ್ಧ ಒಡೆಯನು 1850ರಲ್ಲಿ ಉಯಿಲು ಬರೆದನು. ರಾಟೆ, ದನಕರುಗಳೊಡನೆ ಮೆಲ್ವಿನಿಯಾ ಎಂಬ ಆರು ವರ್ಷದ ಬಾಲೆಯನ್ನೂ ಅದರಲ್ಲಿ ಹಂಚಿದ್ದನು. ಅನಂತರ ಅವಳಿಗೆ ಕಟ್ಟಿದ ಬೆಲೆ 475 ಡಾಲರ್. ಒಡೆಯನ ಮರಣಾನಂತರ ಅವಳನ್ನು ತನ್ನವರಿಂದ ಅಗಲಿಸಿ ಜಾರ್ಜಿಯಾದಲ್ಲಿದ್ದ ಅವನ ಮಗಳು ಅಳಿಯಂದಿರಾದ ಶೀಲ್ಡ್ಸ್ ದಂಪತಿಗಳ ಹೊಲಮನೆಗೆ ಕಳುಹಿಸಲಾಯಿತು. ಹದಿಹರೆಯದಲ್ಲಿಯೇ ಅವಳು ತಾಯಿಯಾದಳು. ಮಗುವಿನ ತಂದೆ ಬಿಳಿಯನು. 1870ರ ಗಣತಿಯಲ್ಲಿ ನಾಲ್ಕು ಮಕ್ಕಳೊಡನೆ ಅವಳ ಹೆಸರು ಕಾಣಿಸಿಕೊಳ್ಳುತ್ತದೆ. ಹಿರಿಯ ಮಗ ಡಾಲ್ಫಸ್ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಬಡಗಿಯಾಗಿ, ಸ್ವಂತ ಮನೆಯನ್ನೂ ಕಸುಬನ್ನೂ ಸಂಪಾದಿಸಿದನು. ಅವನ ವಂಶದಲ್ಲಿ, ಮೆಲ್ವಿನಿಯಾಳಿಂದ ಐದು ತಲೆಮಾರು ಈಚೆಗೆ ಜನಿಸಿದವರೇ 2009ರಿಂದ 2017ರವರೆಗೆ ಅಮೆರಿಕೆಯ ಪ್ರಥಮ ಮಹಿಳೆಯಾಗಿದ್ದ ಮಿಶೆಲ್ ಒಬಾಮಾ. ವಂಶಶೋಧಕಿ ಮೇಗನ್ ಸ್ಮೋಲೆನ್ಯಾಕ್ ಮತ್ತು ಪತ್ರಕರ್ತೆ ರೇಚಲ್ ಸ್ವಾರ್ನ್ಸ್ ಅವರ ಪರಿಶ್ರಮದಿಂದ 2009ರಲ್ಲಿ ಈ ಸಂಗತಿ ಬೆಳಕಿಗೆ ಬಂದಿತು.

ಆ ಹೊಲಮನೆಯಿದ್ದ ರೆಕ್ಸ್ ಎಂಬ ಹಳ್ಳಿ ಮಾರೋದಿಂದ ಕೆಲವೇ ಮೈಲಿ. ಅಪರಾಹ್ನ ಅಲ್ಲಿಗೆ ಹೋದೆವು. ಕೆಮ್ಮಣ್ಣಿನ ನೆಲ, ಪೈನ್ ಮರಗಳು, ಶಾಂತವಾದ ಬೀದಿ. ಒಂದು ಕಾಲಕ್ಕೆ ಗೋಧಿ, ಗೋವಿನಜೋಳ, ಗೆಣಸು, ಹತ್ತಿ ಬೆಳೆಯುತ್ತಿದ್ದ ಪ್ರದೇಶವಿದು. 2012ರ ಜೂನ್ 26ರಂದು ಮೆಲ್ವಿನಿಯಾಳ ಸ್ಮಾರಕಶಿಲೆ ಇಲ್ಲಿ ಅನಾವರಣಗೊಂಡಿತು. ಬೆಲೆಪಟ್ಟಿಯಲ್ಲಿದ್ದ ಹೆಸರು ಕಲ್ಲಿನ ಮೇಲೆ ಗೌರವದಿಂದ ಮೂಡಲು ನೂರಾ ಅರವತ್ತು ವರ್ಷಗಳು ಬೇಕಾದವು. ಅವಳನ್ನು ವಸ್ತುವೆಂದು ಎಣಿಸಿದ ಕಾಗದವೇ ಅವಳ ಹೆಸರನ್ನು ಕಾಪಾಡಿತೆಂಬುದು ಎಂಥ ವಿಪರ್ಯಾಸ! ಬರೆದವನ ಉದ್ದೇಶ ಅದಾಗಿರಲಿಲ್ಲ.

ಮೆಲ್ವಿನಿಯಾ 1938ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಮರಣಪತ್ರದಲ್ಲಿ ತಂದೆತಾಯಿಗಳ ಹೆಸರಿನ ಸ್ಥಳದಲ್ಲಿ "ತಿಳಿಯದು" ಎಂದಷ್ಟೇ ಬರೆದಿದೆ.

ಮರಳುವಾಗ ಕಾರಿನಲ್ಲಿ ಶಿಷ್ಯರ ಪುಟ್ಟ ಮಗಳು, "ಅಜ್ಜಾರ, ನಿಮ್ಮ ಅಜ್ಜಿಯ ಅವ್ವನ ಹೆಸರೇನು?" ಎಂದು ಕೇಳಿದಳು. ತಂದೆಯ ಕಡೆಯ ಏಳು ತಲೆಮಾರಿನ ಗಂಡಸರ ಹೆಸರುಗಳು ನಮಗೆ ಕಂಠಸ್ಥವಾಗಿವೆ. ಆ ತಾಯಿಯ ಹೆಸರು ಮಾತ್ರ ತಿಳಿಯದು. ಮೆಲ್ವಿನಿಯಾಳಿಂದ ಅವಳ ತಂದೆತಾಯಿಗಳನ್ನು ಅನ್ಯರು ಕಸಿದುಕೊಂಡರು. ನಮ್ಮಿಂದ ಯಾರೂ ಏನನ್ನೂ ಕಸಿಯಲಿಲ್ಲ. ನಾವು ಕೇಳಲಿಲ್ಲ, ಅಷ್ಟೇ. ಕೇಳಬಹುದಾಗಿದ್ದ ಅಜ್ಜಿ ತೀರಿಕೊಂಡು ಐವತ್ತು ವರ್ಷಗಳಾದವು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯಲ್ಲಿ ಹಿರಿಯ ಜೀವವಿದ್ದರೆ ಇಂದು ಸಂಜೆಯೇ ಬಳಿಯಲ್ಲಿ ಕುಳಿತು ಕೇಳಿರಿ. ಅವರ ತಾಯಿಯ ಹೆಸರು, ಆ ತಾಯಿಯ ತಾಯಿಯ ಹೆಸರು, ತವರೂರು, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಮಕ್ಕಳ ಕೈಗೆ ಕೊಡಿರಿ.