ಉಳ್ಕೊಳ್ಳೋ ಹೋಟೆಲು

ಮದ್ರಾಸಲ್ಲಿರೋ ನಮ್ಮಂಥ ಕುಂದಾಪ್ರದವರ ಮನೇಲಿ ಹೋಟೆಲ್ ಅಂದ್ರೆ ಉಳ್ಕೊಳ್ಳೋ ಜಾಗ ಅಲ್ಲ. ಇಡ್ಲಿ, ವಡೆ, ಗಲ್ಲಾ, ಬೆಳಿಗ್ಗೆ ನಾಲ್ಕಕ್ಕೆ ಗ್ರೈಂಡರ್ ಸದ್ದು. ಅದಕ್ಕೇ "ಶನಿವಾರ ಹೋಟೆಲಲ್ಲೇ ಉಳ್ಕೊಳ್ತೇವೆ" ಅಂತ ಫೋನಲ್ಲಿ ಹೇಳಿದಾಗ ಊರಿಂದ ಅಜ್ಜಿ ಕೇಳಿದ್ದು, "ಎಂತಕ್ಕೆ, ಮಾಣಿಗಳು ರಜೆ ಹಾಕಿದ್ರಾ?"

ಇದು ಬೇರೆ ಹೋಟೆಲ್. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಬೆಳಗಿನ ಕಾಫಿ ಕುಡಿಯೋ ಒಬ್ಬರು ಮಗಳ ಮದುವೆನ ಕೋವಳಂನ ತಾಜ್ ಫಿಶರ್‌ಮನ್ಸ್ ಕೋವ್‌ನಲ್ಲಿ ಇಟ್ಕೊಂಡಿದ್ರು. ಅಪ್ಪಯ್ಯ ಬರಲೇಬೇಕು ಅಂತ ಒಂದು ಕೋಣೇನೂ ಕೊಟ್ರು. (ಕೇರಳದ ಕೋವಳಂ ಅಲ್ಲ ಮತ್ತೆ. ಇದು ಚೆನ್ನೈನಿಂದ ಇಸಿಆರ್‌ನಲ್ಲಿ ಮಹಾಬಲಿಪುರದ ಕಡೆ ಹೋಗುವಾಗ ಸಿಗುತ್ತೆ, ಸುಮಾರು 35 ಕಿ.ಮೀ.)

ಹೋಟೆಲ್ ಶುರುವಾಗಿದ್ದು 1974ರಲ್ಲಿ, ಹಳೇ ಕೋಟೆಯೊಂದರ ಜಾಗದಲ್ಲಿ. 1752ರಲ್ಲಿ ರಾಬರ್ಟ್ ಕ್ಲೈವ್ ಆ ಕೋಟೇನ ಫ್ರೆಂಚರ ಕೈಯಿಂದ ಕಿತ್ಕೊಂಡ, ಆಮೇಲೆ ಅದನ್ನ ಒಡೆದೂ ಹಾಕಿದ್ರು. ಈಗ ಒಳಗೆಲ್ಲ ಹೊಸ ವಿನ್ಯಾಸ. ಕೋಣೆ ಬಗ್ಗೆ ಜಾಸ್ತಿ ಬರೆಯಲ್ಲ, ಅಂಥದ್ದನ್ನ ನೀವು ರೀಲ್ಸ್‌ನಲ್ಲಿ ಸಾಕಷ್ಟು ನೋಡಿರ್ತೀರಿ. ಮಂಚದಿಂದಲೇ ಸಮುದ್ರ ಕಾಣುತ್ತೆ, ಅಷ್ಟು ಸಾಕು. ಪಕ್ಕದಲ್ಲೇ ಮೀನುಗಾರರ ಊರು. ಎರಡನೇ ಫೋಟೋದಲ್ಲಿರೋ ದೋಣಿಗಳು ಅವರದ್ದೇ. ಅಮ್ಮ ಒಂದು ಗಂಟೆ ಅವನ್ನೇ ನೋಡ್ತಾ ಕೂತಿದ್ಲು. ಮರವಂತೆ ಬೀಚ್ ಇದಕ್ಕಿಂತ ಚಂದ ಅಂತ ತೀರ್ಪೂ ಕೊಟ್ಟಾಯ್ತು.

ಅಪ್ಪಯ್ಯ ಮಾತ್ರ ಸಮುದ್ರ ನೋಡಲಿಲ್ಲ. ಯಾಕೆ ಅಂತ ಹೇಳ್ತೀನಿ.

ಅಣ್ಣ ನಮ್ಮ ಹೋಟೆಲನ್ನ ಪೂರ್ತಿ ಹೊಸದು ಮಾಡ್ಬೇಕು ಅಂತ ಹಟ ಹಿಡಿದಿದ್ದಾನೆ. ಬ್ಯಾಂಕಿನಿಂದ 22 ಲಕ್ಷ ಸಾಲ, ಹೊಸ ಮೇಜು ಕುರ್ಚಿ, ಎಸಿ, ಹಿತ್ತಾಳೆ ದೀಪ. ಅವನು ಹೇಳೋದ್ರಲ್ಲಿ ತಪ್ಪೇನಿಲ್ಲ. ನಮ್ಮ ಬೀದಿಯಲ್ಲೇ ಎರಡು ಹೊಸ ಕೆಫೆ ಬಂದಿವೆ, ಸಂಜೆ ಗಿರಾಕಿ ಕಡಿಮೆಯಾಗಿದೆ. ಸೋಮವಾರ ಬ್ಯಾಂಕಿಗೆ ಫೈಲ್ ಕೊಡ್ಬೇಕು. ನಕ್ಷೆ ಬಂದು ತಿಂಗಳಾದ್ರೂ ಅಪ್ಪಯ್ಯ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ.

ಅಪ್ಪಯ್ಯನ ಮಟ್ಟಿಗೆ ಮದ್ರಾಸಲ್ಲಿ ದೊಡ್ಡ ಹೋಟೆಲ್ ಅಂದ್ರೆ ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಒಂದೇ. 1962ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿತು, ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಅನ್ನೋ ಪಾರ್ಕ್ ಇದೆ. ಹಾಗಾಗಿ ತಾಜ್‌ನಲ್ಲಿ ಏನಾದ್ರೂ ಹುಳುಕು ಹುಡುಕ್ತಾರೆ ಅಂತ ನಾನು ಕಾಯ್ತಾ ಇದ್ದೆ. ಹುಡುಕಲಿಲ್ಲ. ಬೆಳಗಿನ ತಿಂಡಿಗೆ ಎರಡು ದೋಸೆ ತಿಂದು "ಹಿಟ್ಟು ಸರಿ ಹುದುಗಿದೆ" ಅಂದ್ರು. ಅವರ ಬಾಯಲ್ಲಿ ಇದು ದೊಡ್ಡ ಪ್ರಶಸ್ತಿ. ಸಪ್ಲೈಯರ್‌ಗಳು ತುಂಬಿದ ತಟ್ಟೆ ಹಿಡಿದು ಯಾವ ಬಾಗಿಲಿಂದ ಬರ್ತಾರೆ, ಎಂಜಲು ತಟ್ಟೆ ಯಾವ ಬಾಗಿಲಿಂದ ಹೋಗುತ್ತೆ ಅನ್ನೋದನ್ನೇ ನೋಡ್ತಿದ್ರು. "ಅಲ್ಲಿ ಕಾಣ್, ಒಬ್ಬರಿಗೊಬ್ಬರು ಅಡ್ಡ ಬರೋದೇ ಇಲ್ಲ."

ನಾನೂ ನನ್ನ ಕಾಮರ್ಸ್ ಬುದ್ಧಿ ಬಿಡಲಿಲ್ಲ. ಸುಣ್ಣ-ಬಣ್ಣ, ರಿಪೇರಿ ಆದ್ರೆ ರೆವೆನ್ಯೂ ಖರ್ಚು, ಸಂಪಾದಿಸೋ ಶಕ್ತಿ ಹೆಚ್ಚಿಸಿದ್ರೆ ಕ್ಯಾಪಿಟಲ್ ಖರ್ಚು ಅಂತ ಮೊದಲ ವರ್ಷ ಬಾಯಿಪಾಠ ಮಾಡಿದ್ದೆವಲ್ಲ, ಅದನ್ನ ಆ ಲಾಬಿಯಲ್ಲಿ ಕೂತು ನೋಡಿದ್ರೆ ಚೆನ್ನಾಗಿ ಅರ್ಥ ಆಗುತ್ತೆ. ಇನ್ನೊಂದು ವಿಷಯ. ಕೋಣೆ ಬಾಡಿಗೆ 7,500 ರೂಪಾಯಿ ದಾಟಿದ ಇಂಥ ಹೋಟೆಲಿನ ಊಟಕ್ಕೆ ಜಿಎಸ್‌ಟಿ 18%, ನಮ್ಮ ಇಡ್ಲಿಗೆ 5%. ಕೇಳೋಕೆ ನಮ್ಮದೇ ಹಗುರ. ಆದ್ರೆ 5%ನವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ನಾವು ಹೊಸ ಮೇಜು ಕುರ್ಚಿಗೆ ಕಟ್ಟೋ ತೆರಿಗೆ ನಮ್ಮ ತಲೆ ಮೇಲೇ, ದೊಡ್ಡವರಿಗೆ ಅದನ್ನ ಹೊಂದಿಸಿಕೊಳ್ಳೋ ದಾರಿ ಇದೆ. ಅಪ್ಪಯ್ಯನಿಗೆ ಇದನ್ನ ವಿವರಿಸಿದೆ. ತಲೆಯಾಡಿಸಿದ್ರು, ಕಿವಿ ಮಾತ್ರ ಬೇರೆಲ್ಲೋ ಇತ್ತು.

ಅದಕ್ಕೆ ಹಿಂದಿನ ರಾತ್ರಿ ಮದುವೆ ಊಟ ಮುಗಿಸಿ ಬಾಲ್ಕನಿಯಲ್ಲಿ ಕೂತಿದ್ದಾಗ ಇದ್ದಕ್ಕಿದ್ದ ಹಾಗೆ ಕೇಳಿದ್ರು. "ಇದನ್ನೆಲ್ಲ ಒಡೆದು ಹೊಸದು ಮಾಡೋವಾಗ ಕೆಲಸದವರು ಎಲ್ಲಿದ್ರು?"

ಆಗ ಗೊತ್ತಾಯ್ತು ತಿಂಗಳಿಂದ ಬಾಯಿ ಯಾಕೆ ಕಟ್ಟಿದೆ ಅಂತ. ನಮ್ಮ ಹೋಟೆಲಲ್ಲೂ ಜನ ಉಳ್ಕೊಳ್ತಾರೆ. ಅಡುಗೆಮನೆ ಮೇಲಿನ ಅಟ್ಟದಲ್ಲಿ ಒಂಬತ್ತು ಜನ. ಇಬ್ಬರು ನಮ್ಮೂರ ಕಡೆಯವರು, ಉಳಿದವರು ಒಡಿಶಾ, ಅಸ್ಸಾಂ. ಅಪ್ಪಯ್ಯ ಹದಿನಾಲ್ಕು ವರ್ಷಕ್ಕೆ ಕ್ಲೀನರ್ ಆಗಿ ಈ ಊರಿಗೆ ಬಂದಾಗ ಮಲಗಿದ್ದೂ ಇಂಥದ್ದೇ ಒಂದು ಅಟ್ಟದಲ್ಲಿ. ಅಣ್ಣನ ನಕ್ಷೆಯಲ್ಲಿ ಆ ಅಟ್ಟಕ್ಕೆ ಗಾಜಿನ ಕಟಕಟೆ ಬಂದಿದೆ, ಹದಿನಾಲ್ಕು ಕುರ್ಚಿ ಬಂದಿವೆ.

"ಅವರಿಗೆ ಬೇರೆ ಕಡೆ ರೂಮ್ ಮಾಡಿದ್ರಾಯ್ತು" ಅಂದೆ.

"ಬಾಡಿಗೆ ನಿನ್ನ ಲೆಕ್ಕದಲ್ಲಿ ಉಂಟಾ?"

ಕೋಣೆಯಲ್ಲಿ ಇಟ್ಟಿದ್ದ ಚೀಟಿ ಪುಸ್ತಕ, ಪೆನ್ಸಿಲ್ ತಗೊಂಡು ಇಬ್ಬರೂ ಕೂತ್ವಿ. ಹಿಂದಿನ ಗಲ್ಲಿಯಲ್ಲಿ ಎರಡು ರೂಮು, ತಿಂಗಳಿಗೆ 16,000. ಸಾಲ 11% ಬಡ್ಡಿಗೆ ಐದು ವರ್ಷಕ್ಕೆ ಅಂದ್ರೆ ಕಂತು ಸುಮಾರು 47,800. ಏಳು ವರ್ಷಕ್ಕೆ ಎಳೆದ್ರೆ 37,700ರ ಹತ್ತಿರ. ತಿಂಗಳಿಗೆ ಹತ್ತು ಸಾವಿರ ಉಳಿಯುತ್ತೆ, ಒಟ್ಟು ಬಡ್ಡಿ ಮಾತ್ರ ಮೂರು ಲಕ್ಷದಷ್ಟು ಜಾಸ್ತಿ. ಬಾಡಿಗೆಗೆ ಇನ್ನೂ ಆರು ಸಾವಿರ ಸಾಲದು. ಹಿತ್ತಾಳೆ ದೀಪದ ಮೇಲೆ ಅಪ್ಪಯ್ಯ ಗೀಟು ಎಳೆದ್ರು. ಎಸಿ ಮೇಲೂ ಎಳೆಯೋಕೆ ಹೋದ್ರು, ನಾನು ಕೈ ಹಿಡ್ಕೊಂಡೆ. ಅಮ್ಮ ಒಳಗಿಂದ "ಲೈಟ್ ಆರಿಸಿ, ನಿದ್ದೆ ಬರ್ತಿಲ್ಲ" ಅಂತ ಕೂಗಿದ್ಲು.

ಕೊನೆ ಫೋಟೋದಲ್ಲಿರೋದು ಅದೇ ಚೀಟಿ. ಅದನ್ನ ಆ ರಾತ್ರಿಯೇ ಅಣ್ಣನಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಇವತ್ತು ಭಾನುವಾರ ರಾತ್ರಿ. ಕೆಳಗೆ ಅಣ್ಣ, ಅಪ್ಪಯ್ಯ ಇಬ್ಬರೂ ಗಲ್ಲಾ ಹತ್ತಿರ ಕೂತಿದ್ದಾರೆ. ಅಣ್ಣನ ಕೈಯಲ್ಲಿ ಅಳತೆ ಟೇಪ್ ಇದೆ.