ಐವತ್ತೇಳು ಸುರಂಗಗಳ ಹಾದಿಯಲ್ಲಿ

ಸಕಲೇಶಪುರವನ್ನು ದಾಟಿದೊಡನೆ ಮಂಗಳೂರಿನ ಹಗಲುಗಾಡಿ ವೇಗವನ್ನು ತಗ್ಗಿಸಿಕೊಂಡು ಘಟ್ಟವಿಳಿಯತೊಡಗುತ್ತದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು! ಹಿಂದೆ ಈ ಹಾದಿಯಲ್ಲಿ ಆಸಿಮೋವರ ಕಾದಂಬರಿಯನ್ನು ಹಿಡಿದು ಕುಳಿತರೆ, ಬೋಗಿಯ ದೀಪ ಉರಿಯದಿದ್ದಾಗ ನನ್ನ ಗ್ರಹಾಂತರ ಯಾನ ಅರ್ಧ ವಾಕ್ಯದಲ್ಲಿಯೇ ಕತ್ತಲೆಗೆ ಸಿಕ್ಕಿಕೊಳ್ಳುತ್ತಿತ್ತು. ಈ ಸಲ ಕೈಯಲ್ಲಿದ್ದುದು ಬಳಪದ ಹಲಗೆಯಂಥ ಕಿಂಡಲ್. ಅದರ ಮಂದಬೆಳಕಿನಲ್ಲಿ ಓದು ನಿಲ್ಲಲೇ ಇಲ್ಲ.

ಕೂದಲೆಳೆಯಷ್ಟು ಸಣ್ಣ ಕೋಶಗಳಲ್ಲಿರುವ ಕಪ್ಪು ಬಿಳಿ ಕಣಗಳು ವಿದ್ಯುತ್ತಿನ ಪ್ರೇರಣೆಯಿಂದ ಮೇಲೆ ಕೆಳಗೆ ಸರಿದು ಅಕ್ಷರಗಳಾಗುತ್ತವೆ. ಒಮ್ಮೆ ಮೂಡಿದ ಪುಟವು ಉಳಿಯಲು ವಿದ್ಯುತ್ತೇ ಬೇಡ. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ 1961ರ ಕಾದಂಬರಿಯೊಂದರಲ್ಲಿ ಇಂಥದೇ ಒಂದೇ ಪುಟದ ಪುಸ್ತಕವನ್ನು ಕಲ್ಪಿಸಿದ್ದರು. ಕಲ್ಪನೆ ನಿಜವಾದಾಗ ಹಿಗ್ಗಬೇಕಾದವರು ವಿಜ್ಞಾನಕಥೆಯ ಹುಚ್ಚಿನ ನಾವೇ. ಆದರೆ 2009ರಲ್ಲಿ, ಪ್ರಕಟಣೆಯ ಹಕ್ಕಿಲ್ಲದವರು ಮಾರಿದ್ದರೆಂದು, ಓದುಗರು ಹಣ ತೆತ್ತು ಕೊಂಡಿದ್ದ ಆರ್ವೆಲ್ಲರ ‘1984’ರ ಪ್ರತಿಗಳನ್ನು ಅಮೆಜಾನ್ ಸಂಸ್ಥೆ ದೂರದಿಂದಲೇ ಅಳಿಸಿಹಾಕಿತ್ತು. ಬೇರೆ ಪುಸ್ತಕ ಸಿಗಲಿಲ್ಲವೆ!

ಎಡಕುಮೇರಿಯಲ್ಲಿ ಗಾಡಿ ನಿಂತಿತು. ಅದುವರೆಗೆ ಹಲಗೆಯನ್ನೇ ನೋಡುತ್ತಿದ್ದ ಎದುರಿನ ಹುಡುಗ, “ಓದಿ ಆದಮೇಲೆ ನಂಗೆ ಕೊಡ್ತೀರಾ ಸಾರ್?” ಎಂದ. ನನ್ನ ಅಂಗೈಯಲ್ಲಿ ನೂರಾರು ಕಥೆಗಳಿದ್ದವು. ಕೊಟ್ಟುಹೋಗಬಹುದಾದದ್ದು ಒಂದೂ ಇರಲಿಲ್ಲ. ಚೀಲ ತಡಕಿದೆ. ಬಟ್ಟೆಗಳ ಅಡಿಯಲ್ಲಿ ರಾಜಶೇಖರ ಭೂಸನೂರಮಠರ ಕಾದಂಬರಿಯೊಂದು. ವಿದ್ಯಾರ್ಥಿದೆಸೆಯಲ್ಲಿ ಕೊಂಡದ್ದು, ಮೊದಲ ಪುಟದಲ್ಲಿ ನನ್ನ ಹೆಸರು. ಆ ಮುದ್ರಣ ಮತ್ತೆ ದೊರೆಯುವುದೋ ಇಲ್ಲವೋ. ಎರಡು ಸುರಂಗಗಳಷ್ಟು ಹೊತ್ತು ಯೋಚಿಸಿದೆನೆಂಬುದನ್ನು ಮುಚ್ಚಿಡಲಾರೆ. ಸುಬ್ರಹ್ಮಣ್ಯದಲ್ಲಿ ಹುಡುಗ ಇಳಿದಾಗ ಅದು ಅವನ ಕಂಕುಳಲ್ಲಿತ್ತು.