ಬೈಲಿನ ಹೆಸರು ಬಲ್ಲ ನೀರು

ಉತ್ತರ ನೈಜೀರಿಯಾದ ಕಾನೋ ನಗರದ ಹಳೆಯ ಕೇರಿಯ ಮನೆಯೊಂದರಲ್ಲಿ ನನ್ನನ್ನು ಕೂರಿಸಿದ್ದು ಬಾಗಿಲ ಕೋಣೆಯಲ್ಲಿ. ಹೌಸಾ ಜನ ಅದನ್ನು ‘ಜೌರೆ’ ಎನ್ನುತ್ತಾರೆ. ದಪ್ಪ ಮಣ್ಣಿನ ಗೋಡೆ, ಒಳಗೆ ಹಿತವಾದ ತಂಪು. ಹೊರಗಿನ ಗಂಡಸರು ಅಲ್ಲಿಗೇ ನಿಲ್ಲಬೇಕು; ಅದರಾಚೆ ಅಂಗಳ, ಅಂಗಳದ ಸುತ್ತ ಮನೆಯವರ ಬಿಡಾರಗಳು. ನನಗೆ ನಮ್ಮ ತುಳುನಾಡಿನ ಗುತ್ತಿನ ಮನೆಯ ಚಾವಡಿ ನೆನಪಾಯಿತು.

ಕಾನೋದ ಕೋಟೆಗೋಡೆ ಮಣ್ಣಿನದು. ಗೋಡೆಗೆಂದು ಅಗೆದ ಹೊಂಡಗಳೇ ಊರಿನ ಕೆರೆಗಳಾದವು. ಮುತ್ತಿಗೆ ಬಿದ್ದರೂ ಅನ್ನಕ್ಕೆ ತತ್ವಾರವಾಗದಂತೆ ಗೋಡೆಯೊಳಗೇ ಹೊಲ ಬಿಟ್ಟಿದ್ದರು. 1903ರಲ್ಲಿ ಊರು ಗೆದ್ದ ಬ್ರಿಟಿಷರು ತಮ್ಮ ಬಡಾವಣೆಗಳನ್ನು ಹೊರಗೆ ಕಟ್ಟಿದರು. ವಲಸಿಗರಿಗೆ ‘ಸಾಬೊನ್ ಗರಿ’, ಅಂದರೆ ಹೊಸ ಊರು. ಇಂದಿಗೂ ನಗರದ ಹಂಚಿಕೆ ಇದೇ. ಒಳಗಿನ ಹೊಲ, ಹೊಂಡಗಳ ಮೇಲೆ ಮಾತ್ರ ಮನೆಗಳೆದ್ದಿವೆ.

ಕಾನೋ ನೋಡಿ ಬಂದ ಅದೇ ಕಣ್ಣಿನಲ್ಲಿ ಆದಿ ಉಡುಪಿಯಲ್ಲಿ ಬಸ್ಸಿಳಿದು, ಬನ್ನಂಜೆ ದಾಟಿ ರಥಬೀದಿಗೆ ನಡೆದೆ. ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ, ಸುತ್ತ ಅಷ್ಟಮಠಗಳು. ರಥ ತಿರುಗಬೇಕೆಂಬ ಒಂದೇ ಕಾರಣಕ್ಕೆ ಈ ಬೀದಿ ಇಷ್ಟು ಅಗಲ ಉಳಿದಿದೆ. ಅದಕ್ಕಂಟಿಕೊಂಡೇ ತೆಂಕಪೇಟೆ, ಬಡಗುಪೇಟೆ.

ಪೇಟೆ ಬಿಟ್ಟರೆ ತುಳುನಾಡಿನಲ್ಲಿ ಒತ್ತೊತ್ತಾದ ಹಳ್ಳಿ ಇಲ್ಲ. ಅವರವರ ಗದ್ದೆಯ ಬದಿಗೆ ಅವರವರ ಮನೆ, ಪಕ್ಕದಲ್ಲೊಂದು ನಾಗಬನ. ಎತ್ತರದ ಮಳೆಯಾಸರೆಯ ಗದ್ದೆ ಬೆಟ್ಟು, ಅದರ ಕೆಳಗೆ ಮಜಲು, ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು. ಊರ ಹೆಸರುಗಳಲ್ಲೇ ನೆಲದ ಜಾತಕವಿದೆ: ಕುಂಜಿಬೆಟ್ಟು, ಬೈಲೂರು, ಬೈಲಕೆರೆ. ಕಲ್ಸಂಕವೆಂದರೆ ತೋಡು ದಾಟುವ ಕಲ್ಲಿನ ಸಂಕ.

ಉಡುಪಿಯ ಪಕ್ಕದ ಮಣಿಪಾಲ ನೆಲದ ಈ ಲೆಕ್ಕಕ್ಕೆ ಹೊಂದಿಕೊಂಡಿತು. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದದ್ದು ಮುರಕಲ್ಲಿನ ಬೋಳುಗುಡ್ಡದ ಮೇಲೆ. ಅದಕ್ಕಾಗಿ ಬೈಲು ಹೂಳಬೇಕಾಗಲಿಲ್ಲ. ಕೆಳಗಿನ ಉಡುಪಿ ಹಾಗೆ ಬೆಳೆಯಲಿಲ್ಲ. 2020ರ ಸೆಪ್ಟೆಂಬರಿನ ಮಹಾಮಳೆಗೆ ಇಂದ್ರಾಣಿ ತೋಡು ಉಕ್ಕಿ ಕಲ್ಸಂಕ, ಬೈಲಕೆರೆಯ ಮನೆಗಳಿಗೆ ನುಗ್ಗಿತು. ನೀರು ಹುಡುಕಿಕೊಂಡು ಬಂದದ್ದು ತನ್ನ ಹಳೆಯ ಗದ್ದೆಯನ್ನು. ಸರ್ವೆ ನಂಬರಿನ ಜೊತೆಗೆ ಈ ಹೆಸರುಗಳೂ ನಗರದ ನಕ್ಷೆಯಲ್ಲಿರಲಿ, ಬೈಲು ಎಂದಿರುವಲ್ಲಿ ಪರವಾನಗಿಗೆ ಸಹಿ ಹಾಕುವ ಕೈ ಒಂದು ಗಳಿಗೆ ತಡೆಯಲಿ ಎಂದು ನನ್ನ ಆಸೆ.

ಸಂಜೆ ಬೈಲಕೆರೆಯ ಬದಿಯಲ್ಲಿ ನಿಂತೆ. ಉಳಿದ ಒಂದು ತುಂಡು ಗದ್ದೆಯಲ್ಲಿ ಕೊಕ್ಕರೆಗಳು ಹೆಕ್ಕುತ್ತಿದ್ದವು. ಅದರ ಹುಣಿಗೆ ತಾಗಿ ಯಾವುದೋ ಲಾರಿ ಕೆಂಪು ಮಣ್ಣು ಸುರಿದು ಹೋಗಿತ್ತು.